ಕ್ರಾಸ್ ಹೋಗಿದೆ

‘ಕ್ರಾಸ್ ಹೋಗಿದೆ ಸಾರ್’ ಅಂತ ಮೇಸ್ತ್ರಿ ಫೋನಿನಲ್ಲಿ ಹೇಳಿದಾಗ, ‘ಪರವಾಗಿಲ್ಲ, ಗಾಡಿ ತಿರುಗಿಸಿಕೊಂಡು ಬನ್ನಿ, ಎಡಕ್ಕೆ ನಾಲ್ಕನೇ ಮನೆ’ ಅಂದೆ. ಕುವೆಂಪುನಗರದಲ್ಲಿ ಇರುವವನಿಗೆ ಕ್ರಾಸ್ ಅಂದರೆ ಇನ್ನೇನು ಹೊಳೆಯುತ್ತೆ? ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ರೋಡಿನ ಕ್ರಾಸ್ ಅಲ್ಲ ಸಾರ್. ನಿಮ್ಮ ಓಮ್ನಿದು. ಒಂದ್ಸಲ ಬಂದು ನೋಡಿ.’

ಬನ್ನಿಮಂಟಪದ ಹತ್ತಿರದ ಗ್ಯಾರೇಜಿಗೆ ಹೋದೆ. ತಪ್ಪು ನನ್ನದೇ. ಆರು ತಿಂಗಳಿಂದ ಕ್ಲಚ್ ಬಿಟ್ಟಾಗಲೆಲ್ಲ ಗಾಡಿಯ ಹೊಟ್ಟೆಯಿಂದ ‘ಟಣ್’ ಅಂತಿತ್ತು. ನಿಧಾನಕ್ಕೆ ಹೋದರೆ ಗುಬ್ಬಿ ಮರಿಯ ಹಾಗೆ ಕೀಚ್ ಕೀಚ್. ನಾನು ರೇಡಿಯೋ ಜೋರು ಮಾಡಿಕೊಂಡೆ. ಮಂಡ್ಯದ ಕಡೆ ನಮ್ಮೂರಿಗೆ ನಾಲೆ ಏರಿ ಮೇಲೆ, ಮಳೆಗಾಲದಲ್ಲೂ, ಅದರಲ್ಲೇ ಓಡಾಡಿದೆ. ನಮ್ಮ ತಾತ ಸಂತೆಗೆ ಹೊರಡುವ ಮುಂಚೆ ಗಾಡಿಯ ಇರುಸಿಗೆ ಕೀಲೆಣ್ಣೆ ಹಾಕದೆ ಎತ್ತು ಕಟ್ಟುತ್ತಿರಲಿಲ್ಲ. ಎಣ್ಣೆಯ ಬಿದಿರು ಗೊಟ್ಟ ಗಾಡಿಯ ಕೆಳಗೇ ನೇತಾಡುತ್ತಿತ್ತು. ಮೊಮ್ಮಗನಿಗೆ ಕಿವಿ ಮುಚ್ಚಿಕೊಳ್ಳುವುದು ಸುಲಭವಾಗಿತ್ತು.

ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗಿದೆ, ಎಳೆಯುವುದು ಹಿಂದಿನ ಚಕ್ರ. ನಡುವೆ ಒಂದು ಉದ್ದನೆಯ ಕಬ್ಬಿಣದ ಕೊಳವೆ. ಅದೇ ಪ್ರೊಪೆಲ್ಲರ್ ಶಾಫ್ಟು. ಇಂಜಿನ್ ಇದ್ದಲ್ಲೇ ಇರುತ್ತದೆ, ಹಿಂದಿನ ಚಕ್ರಗಳ ಇರುಸು ಹೊತ್ತ ಹೌಸಿಂಗ್ ಮಾತ್ರ ಪ್ರತಿ ಹಳ್ಳಕ್ಕೂ ಸ್ಪ್ರಿಂಗ್ ಮೇಲೆ ಎದ್ದು ಕೂರುತ್ತದೆ. ಹಾಗಾಗಿ ಶಾಫ್ಟು ತಿರುಗುತ್ತಲೇ ಬಾಗಬೇಕು. ಅದಕ್ಕೆ ಎರಡು ತುದಿಯಲ್ಲೂ ಕವೆ. ಎದುರಿಗೆ ಇನ್ನೊಂದು ಕವೆ, ಅಡ್ಡಕ್ಕೆ. ಎರಡನ್ನೂ ಹಿಡಿದುಕೊಂಡಿರುವುದು ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಕೂಡು ಗುರುತಿನಂಥ ಕಬ್ಬಿಣ. ಅದೇ ಕ್ರಾಸು. ಈ ಉಪಾಯ ಕಾರಿಗಿಂತ ಎಷ್ಟೋ ಹಳೆಯದು. 16ನೇ ಶತಮಾನದ ಇಟಲಿಯ ಕಾರ್ಡಾನೊ ಹೆಸರಲ್ಲೂ ಕರೆಯುತ್ತಾರೆ, 17ನೇ ಶತಮಾನದ ರಾಬರ್ಟ್ ಹುಕ್ ಹೆಸರಲ್ಲೂ ಕರೆಯುತ್ತಾರೆ. ಶಾಲೆಯಲ್ಲಿ ಸ್ಪ್ರಿಂಗಿನ ನಿಯಮ ಬಾಯಿಪಾಠ ಮಾಡಿಸಿ ನಮ್ಮನ್ನು ಗೋಳಾಡಿಸಿದ್ದು ಇದೇ ಹುಕ್.

ಮೇಸ್ತ್ರಿ ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. ಶಾಫ್ಟ್ ಬಿಚ್ಚಿದ ಮೇಲೆ ಗೇರಲ್ಲಿ ನಿಲ್ಲಿಸಿದ್ದೇನೆ ಅಂತ ನಂಬಿದರೆ ಗಾಡಿ ಉರುಳಿಕೊಂಡು ಹೋಗುತ್ತದೆ. ಗೋಣಿಚೀಲ ಹಾಸಿ ಕೆಳಗೆ ನುಸುಳಿ, ಬೋಲ್ಟಿಗೆ ಕೈ ಹಾಕುವ ಮುಂಚೆ ಉಳಿಯಿಂದ ಎರಡು ಕಡೆಗೂ ಒಂದೊಂದು ಗೆರೆ ಎಳೆದರು. ‘ಬಿಚ್ಚಿದ ಹಾಗೇ ಕೂರಬೇಕು. ಇಲ್ಲಾಂದ್ರೆ ಆಮೇಲೆ ಗಾಡಿ ನಡುಗುತ್ತೆ.’ ಹಿಂದಿನ ನಾಲ್ಕು ಬೋಲ್ಟ್ ಬಿಚ್ಚಿ, ಮುಂದಿನ ತುದಿಯನ್ನು ಗೇರ್‌ಬಾಕ್ಸಿನಿಂದ ಜಾರಿಸಿ ಎಳೆದರು. ಹಿಂದೆಯೇ ಆಯಿಲ್ ಸೋರಿತು. ಹುಡುಗ ಡಬ್ಬ ಹಿಡಿಯುವುದು ಒಂದು ಕ್ಷಣ ತಡವಾಯಿತು, ಬೈಸಿಕೊಂಡ.

ಶಾಫ್ಟನ್ನು ವೈಸಿಗೆ ಕಚ್ಚಿಸಿ, ಕ್ರಾಸು ಜಾರದ ಹಾಗೆ ತಡೆಯುವ ಸರ್ಕ್ಲಿಪ್ ತೆಗೆದು, ಒಂದು ಕಡೆ ಚಿಕ್ಕ ಸಾಕೆಟ್, ಇನ್ನೊಂದು ಕಡೆ ದೊಡ್ಡದು ಇಟ್ಟು ಬಿಗಿದರು. ಕ್ರಾಸಿನ ತೋಳಿನ ತುದಿಗೆ ಟೋಪಿಯ ಹಾಗೆ ಕೂತಿದ್ದ ಒಂದು ಬಟ್ಟಲು ‘ಟಕ್’ ಅಂತ ಹೊರಗೆ ಬಂತು. ಒಳಗಿಂದ ಸುರಿದಿದ್ದು ಗ್ರೀಸಲ್ಲ, ತುಕ್ಕಿನ ಕೆಂಪು ಪುಡಿ. ಥೇಟ್ ಕುಂಕುಮ! ಪ್ರತಿ ಆಯುಧ ಪೂಜೆಗೂ ನಾವು ಸ್ಟೀರಿಂಗಿಗೆ ಕುಂಕುಮ ಇಡುತ್ತೇವೆ, ಗಾಜಿಗೆ ವಿಭೂತಿ ಬಳಿಯುತ್ತೇವೆ, ಚಕ್ರಕ್ಕೆ ನಿಂಬೆಹಣ್ಣು ಕೊಡುತ್ತೇವೆ. ಹೊಟ್ಟೆಯ ಕೆಳಗೆ ಬಗ್ಗಿ ನೋಡುವವರು ಯಾರು? ನಾವು ಇಡದೇ ಹೋದದ್ದನ್ನು ಇದು ತಾನೇ ಮಾಡಿಕೊಂಡು ಕೂತಿತ್ತು. ಬಟ್ಟಲಿನೊಳಗೆ ಇರಬೇಕಾದ ಸೂಜಿಯಂಥ ರೋಲರುಗಳಲ್ಲಿ ಅರ್ಧ ಪುಡಿಯಾಗಿದ್ದವು. ಕ್ರಾಸಿನ ತೋಳಿನ ಮೇಲೆ ಅವು ಕೊರೆದ ಗೆರೆಗಳು ಬಾಚಣಿಗೆಯಲ್ಲಿ ಎಳೆದ ಹಾಗೆ ಸಾಲಾಗಿದ್ದವು. ಉಗುರಾಡಿಸಿದರೆ ಕರ್ ಕರ್ ಅಂತಿತ್ತು.

ಹೊಸ ಕ್ರಾಸ್ ಕೂರಿಸುವುದು ಸೂಕ್ಷ್ಮದ ಕೆಲಸ. ಬಟ್ಟಲಿನ ಒಳಸುತ್ತಿಗೆ ಸೂಜಿಗಳನ್ನು ಗ್ರೀಸಿನಲ್ಲೇ ಅಂಟಿಸಿ ನಿಲ್ಲಿಸಿರುತ್ತಾರೆ. ಒಂದು ಮಲಗಿದರೂ ಬಟ್ಟಲು ಪೂರ್ತಿ ಇಳಿಯಲ್ಲ, ಸರ್ಕ್ಲಿಪ್ ಕೂರಲ್ಲ. ಮೂರು ಬಟ್ಟಲು ಇಳಿದವು. ನಾಲ್ಕನೆಯದರಲ್ಲಿ ಒಂದು ಸೂಜಿಯ ಜಾಗ ಖಾಲಿ. ಹುಡುಗ ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ನೆಲವೆಲ್ಲ ಸವರಿದ. ಬೋಲ್ಟು, ವಾಷರು, ಒಂದು ಹೇರ್‌ಪಿನ್ನೂ ಸಿಕ್ಕಿತು, ಸೂಜಿ ಮಾತ್ರ ಇಲ್ಲ. ಮೇಸ್ತ್ರಿ ನನ್ನ ಕಾಲನ್ನೇ ನೋಡಿದರು. ‘ಚಪ್ಪಲಿ ಎತ್ತಿ ಸಾರ್.’ ಅಲ್ಲೇ ಇತ್ತು, ಗ್ರೀಸಿಗೆ ಅಂಟಿಕೊಂಡು. ಆಮೇಲೆ ನನ್ನನ್ನು ದೂರದ ಸ್ಟೂಲಿನ ಮೇಲೆ ಕೂರಿಸಿ ಟೀ ತರಿಸಿಕೊಟ್ಟರು. ಮರ್ಯಾದೆಗೆ ಅಲ್ಲ ಅಂತ ಗೊತ್ತಾಯಿತು.

ಸಂಜೆ ದೇವರಾಜ ಮಾರ್ಕೆಟ್ ಹತ್ತಿರ ಹೆಂಡತಿಯನ್ನು ಹತ್ತಿಸಿಕೊಂಡು ಮನೆ ಕಡೆ ಹೊರಟೆ. ರೇಡಿಯೋ ಬಂದ್. ಟಣ್ ಇಲ್ಲ, ಕೀಚ್ ಇಲ್ಲ. ಒಂದೊಂದು ಗೇರಿಗೂ ಕಿವಿ ಕೊಟ್ಟುಕೊಂಡು ಹೋಗುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಅವಳು, ‘ರೀ, ಕ್ರಾಸ್ ಹೋಯ್ತು!’ ಅಂದಳು. ಎದೆ ಧಸಕ್ಕಂತು. ಗಕ್ಕನೆ ಬ್ರೇಕ್ ಹಾಕಿ ಕೆಳಗಿಳಿದು, ಮಂಡಿ ಊರಿ ಗಾಡಿಯ ಕೆಳಗೆ ಬಗ್ಗಿದೆ.

‘ಅಲ್ಲೇನ್ರೀ ಹುಡುಕ್ತಿದ್ದೀರಾ?’ ಅಂದಳು ಕಿಟಕಿಯಿಂದ ತಲೆ ಹಾಕಿ. ‘ನಮ್ಮ ಮನೆ ಹಿಂದೆ ಉಳೀತು.’