ಹೆಸ್ರು ಓಡೋವಾಗ ತೋರ್ಸಿದ ಮಾರಿಸನ್

ನಿನ್ನೆ ರಾತ್ರಿ ನಿದ್ದೆ ಬರ್ದೆ ಆಲಿವರ್ ಸ್ಟೋನ್‌ದು 'ದ ಡೋರ್ಸ್' ಮತ್ತೆ ಹಾಕ್ಕೊಂಡೆ. 1991ರ ಸಿನಿಮಾ, ಅಮೆರಿಕದ ಡೋರ್ಸ್ ಅನ್ನೋ ರಾಕ್ ಬ್ಯಾಂಡ್ ಮತ್ತೆ ಅದ್ರ ಹಾಡುಗಾರ ಜಿಮ್ ಮಾರಿಸನ್ ಕಥೆ. ಹಾಸ್ಟೆಲಲ್ಲಿದ್ದಾಗ ಯಾರ್ದೋ ಕಂಪ್ಯೂಟರ್ ಮುಂದೆ ಒಂದೇ ಮಂಚದ್ಮೇಲೆ ಆರು ಜನ ಒತ್ಕೊಂಡು ಕೂತು ನೋಡಿದ್ವಿ, ಆಮೇಲೆ ಒಂದ್ ತಿಂಗ್ಳು ನಮ್ಗೆಲ್ಲ ಜಿಮ್ ಮಾರಿಸನ್ನೇ ದೇವ್ರು, ಒಬ್ನಂತೂ ಕೂದ್ಲು ಬಿಟ್ಟು ವಾರ್ಡನ್ ಹತ್ರ ಉಗಿಸ್ಕೊಂಡ. ಈಗ ನಲವತ್ತು ದಾಟಿದ್ಮೇಲೆ ನೋಡಿದ್ರೆ, ಏನಪ್ಪಾ ಇದು, ಎರಡು ಗಂಟೆಗೂ ಜಾಸ್ತಿ ಒಬ್ಬ ಕುಡ್ದು ತೂರಾಡೋದನ್ನ ನೋಡ್ಕೊಂಡ್ ಕೂತಿದೀನಲ್ಲ ಅನ್ನಿಸ್ಬಿಡ್ತು.

ಮಾರಿಸನ್ ಪಾತ್ರ ಮಾಡಿದ ವ್ಯಾಲ್ ಕಿಲ್ಮರ್ ಬಗ್ಗೆ ಎರಡು ಮಾತಿಲ್ಲ ಬಿಡಿ. ಸ್ಟೇಜ್ ಸೀನ್‌ಗಳಲ್ಲಿ ಬಹಳಷ್ಟು ಕಡೆ ಹಾಡಿರೋದೂ ಅವ್ನೇ. 2025ರಲ್ಲಿ ಅವ್ನೂ ಹೋದ, ಪಾಪ.

ನನ್ ತಕರಾರು ಡೈರೆಕ್ಟರ್ ಸ್ಟೋನ್ ಜೊತೆ. 1967ರಲ್ಲಿ ಅಮೆರಿಕದ ಟಿವಿಯ ಎಡ್ ಸುಲ್ಲಿವನ್ ಶೋನಲ್ಲಿ ಬ್ಯಾಂಡು ತಮ್ಮ 'ಲೈಟ್ ಮೈ ಫೈರ್' ಹಾಡೋಕ್ ಮುಂಚೆ, 'ಹೈಯರ್' ಅನ್ನೋ ಪದ ನಶೆ ಥರ ಕೇಳ್ಸುತ್ತೆ, ಬದಲಾಯಿಸ್ರಪ್ಪಾ ಅಂತ ಶೋನೋರು ಅಂದಿದ್ರು. ಹಳೇ ಟೇಪ್ ನೋಡಿ, ಮಾರಿಸನ್ ಏನೂ ಆಗೇ ಇಲ್ಲ ಅನ್ನೋ ಥರ ಆ ಪದಾನ ಆರಾಮಾಗ್ ಹಾಡ್ಕೊಂಡ್ ಹೋಗ್ತಾನೆ. ಮಜಾ ಇರೋದೇ ಅದ್ರಲ್ಲಿ! ಸಿನಿಮಾದಲ್ಲಿ ಅದನ್ನೇ ಕ್ಯಾಮೆರಾಗೆ ಮುಖ ಕೊಟ್ಟು ಕಿರುಚಿಸಿದಾರೆ. ಎಲ್ಲಾ ಹೀಗೇ, ತಣ್ಣಗಿದ್ದ ಜಾಗಕ್ಕೂ ಬೆಂಕಿ ಇಟ್ಟಿದಾರೆ. ಕೀಬೋರ್ಡ್ ನುಡಿಸ್ತಿದ್ದ ರೇ ಮಂಜಾರೆಕ್‌ಗೆ ಈ ಸಿನಿಮಾ ಕಂಡ್ರೆ ಆಗ್ತಿರ್ಲಿಲ್ಲ, ನಗ್ತಾ ನಗಿಸ್ತಾ ಇದ್ದ ನಮ್ ಜಿಮ್ ಇದ್ರಲ್ಲಿ ಎಲ್ಲಿದಾನೆ ಅನ್ನೋದು ಅವ್ನ್ ಸಿಟ್ಟು.

ಡೋರ್ಸ್‌ಗೆ ಬೇಸ್ ಗಿಟಾರ್‌ನೋರು ಅಂತ ಬ್ಯಾಂಡಲ್ಲಿ ಯಾರೂ ಇರ್ಲಿಲ್ಲ ಗೊತ್ತಾ? ಸ್ಟೇಜ್ ಮೇಲೆ ಈ ರೇ ಎಡಗೈಲಿ ಒಂದ್ ಪುಟ್ಟ ಕೀಬೋರ್ಡಲ್ಲಿ ಬೇಸ್ ಬಾರಿಸ್ತಾ ಬಲಗೈಲಿ ಆರ್ಗನ್ ನುಡಿಸ್ತಿದ್ದ, ರಾತ್ರಿಯಿಡೀ. ಆ ಎಡಗೈ ತಪ್ಪಿದ್ರೆ ಮಾರಿಸನ್ ಕುಣಿಯೋಕೂ ತಾಳ ಇಲ್ಲ. ನಾನು ಸಿನಿಮಾ ಮಾಡಿದ್ರೆ ಆ ಎಡಗೈ ಮೇಲೆ ಐದ್ ನಿಮಿಷ ಕ್ಯಾಮೆರಾ ಇಡ್ತಿದ್ದೆ (ಯಾರೂ ದುಡ್ಡ್ ಹಾಕಲ್ಲ, ಅದು ಬೇರೆ ಮಾತು). ನಾಲ್ಕೂ ಚಿಲ್ರೆ ವರ್ಷದಲ್ಲಿ ಆರು ಆಲ್ಬಂ ಅಂದ್ರೆ ಯಾರೋ ದಿನಾ ಎದ್ದು ಸ್ಟುಡಿಯೋಗೆ ಹೋಗಿದಾರೆ ತಾನೆ? ನಮ್ಮಲ್ಲೂ ಈ ಚಾಳಿ ಇದೆ, ಕವಿ ಸತ್ರೆ ಕವನಕ್ಕಿಂತ ಅವ್ನ್ ಪೆಗ್ಗಿನ ಕಥೆನೇ ಜಾಸ್ತಿ ಓಡೋದು.

ಕೊನೇ ಆಲ್ಬಂ 'ಎಲ್‌.ಎ. ವುಮನ್' ಕಥೆ ಕೇಳಿ. ಹಳೇ ಪ್ರೊಡ್ಯೂಸರ್ ಬಿಟ್ಟೋಗಿದ್ದ, ಲಾಸ್ ಏಂಜಲೀಸಲ್ಲಿ ತಾವು ರಿಹರ್ಸಲ್ ಮಾಡ್ತಿದ್ದ ರೂಮಲ್ಲೇ ರೆಕಾರ್ಡಿಂಗು, ಮಾರಿಸನ್ ಹಾಡಿದ್ದು ಅಲ್ಲಿನ ಬಾತ್‌ರೂಮಲ್ಲಿ, ದನಿ ಗುಂಯ್ ಅಂತ ತಿರುಗಿ ಬರ್ಲಿ ಅಂತ. ಅದು 1971ರ ಏಪ್ರಿಲಲ್ಲಿ ಬಂತು, ಜುಲೈ 3ಕ್ಕೆ ಪ್ಯಾರಿಸ್ಸಲ್ಲಿ ಇನ್ನೊಂದು ಬಾತ್‌ರೂಮಲ್ಲಿ, ಟಬ್ಬಲ್ಲಿ, 27ರ ಹುಡ್ಗ ಹೆಣ ಆಗಿದ್ದ. ಸ್ಟೋನ್ ಆ ಟಬ್ಬನ್ನ ತೋರಿಸ್ತಾನೆ, ಗೋರಿ ತೋರಿಸ್ತಾನೆ, ಎಲ್ಲಾ ಮುಗಿದು ಹೆಸ್ರುಗಳು ಓಡೋಕ್ ಶುರುವಾದ್ಮೇಲೆ ಬ್ಯಾಂಡು ಸೇರಿ 'ಎಲ್‌.ಎ. ವುಮನ್' ರೆಕಾರ್ಡ್ ಮಾಡೋದನ್ನ ತೋರಿಸ್ತಾನೆ. ಇಡೀ ಸಿನಿಮಾದಲ್ಲಿ ನಂಗೆ ಇಷ್ಟ ಆಗಿದ್ದೇ ಅದು. ಹಾಸ್ಟೆಲಲ್ಲಿ ಹೆಸ್ರು ಬಂದ ತಕ್ಷಣ ಪ್ಲೇಯರ್ ಕ್ಲೋಸ್ ಮಾಡಿ ಎಲ್ರೂ ಮೆಸ್‌ಗೆ ಓಡಿದ್ವಿ, ಹಾಗಾಗಿ ನಿನ್ನೆನೇ ಮೊದಲ್ನೇ ಸಲ ನೋಡಿದ್ದು.