ಎತ್ತಿಟ್ಟ ತಟ್ಟೆಗಳು

ನಮ್ಮ ಮನೆಯಲ್ಲಿ ಇಟ್ಟ ವಸ್ತು ಸಿಗುತ್ತದೆ, ಎತ್ತಿಟ್ಟ ವಸ್ತು ಸಿಗುವುದಿಲ್ಲ.

ಇಡುವವರು ನಾವು, ಎತ್ತಿಡುವವಳು ಅಮ್ಮ. ವಿದ್ಯುತ್ ಬಿಲ್ಲು, ಉಗುರು ಕತ್ತರಿಸುವ ಯಂತ್ರ, ಸ್ಕೂಟರಿನ ಎರಡನೆಯ ಬೀಗದ ಕೈ, ಮಗಳ ಅಂಕಪಟ್ಟಿ ಎಲ್ಲವೂ ಒಂದಲ್ಲ ಒಂದು ದಿನ ಆಕೆಯ ಕೈಯಲ್ಲಿ ಎತ್ತಿಡಿಸಿಕೊಂಡಿವೆ. ಎಲ್ಲಿ ಎಂದು ಕೇಳಿದರೆ "ಜೋಪಾನವಾಗಿ" ಎನ್ನುತ್ತಾಳೆ, ಅದೂ ಮನೆಯಲ್ಲಿರುವ ಒಂದು ಕೋಣೆಯ ಹೆಸರು ಎಂಬಂತೆ. ಆ ಕೋಣೆಯನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಸಾಮಾನುಗಳೆಲ್ಲ ಅಲ್ಲಿ ಸುಖವಾಗಿವೆ ಎಂದು ನಂಬಿದ್ದೇನೆ.

ಕಳೆದ ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ, ಸಿ. ಅಶ್ವತ್ಥ್ ಅವರ ಭಾವಗೀತೆಗಳನ್ನು ಕೇಳೋಣವೆಂದು ಆಲ್ಬಮ್ ತೆರೆದೆ. ಸಿಡಿ ಇಡುವ ಆಲ್ಬಮ್. ಹಾಳೆಗೆ ನಾಲ್ಕು ಜೇಬು. ಅಶ್ವತ್ಥ್ ಅವರ ಜೇಬು ಖಾಲಿ. ಪಕ್ಕದ್ದೂ ಖಾಲಿ. ಹಾಳೆ ತಿರುವಿದರೆ ಅಲ್ಲೂ ಬರಿ ಜೇಬು, ತಿಂಗಳ ಕೊನೆಯ ನನ್ನ ಅಂಗಿಯ ಹಾಗೆ. ಒಟ್ಟು 16 ಸಿಡಿಗಳು ನಾಪತ್ತೆ.

"ಅಮ್ಮಾ, ಇಲ್ಲಿದ್ದ ಸಿಡಿಗಳನ್ನು ಎತ್ತಿಟ್ಟೆಯಾ?"

"ತಟ್ಟೆಗಳಾ? ಎತ್ತಿಟ್ಟಿಲ್ಲ ಕಣೋ. ಉಪಯೋಗಕ್ಕೆ ತೆಗೆದುಕೊಂಡೆ."

ಅಮ್ಮನಿಗೆ 78 ವರ್ಷ. ಗ್ರಾಮಾಫೋನಿನ ಕಾಲದವಳಾದ್ದರಿಂದ ಹಾಡು ಬರುವ ದುಂಡನೆಯ ವಸ್ತುವೆಲ್ಲ ಆಕೆಗೆ ತಟ್ಟೆ. ಆದರೆ ಆಕೆ ತಾನಾಗಿ ಒಂದು ಸಿಡಿಯನ್ನು ಹಾಕಿ ಕೇಳಿದ್ದನ್ನು ನಾನು ಕಂಡಿಲ್ಲ. ಹಾಗಿದ್ದ ಮೇಲೆ ಯಾವ ಉಪಯೋಗ? ಎತ್ತಿಟ್ಟಿದ್ದರೇ ಚೆನ್ನಾಗಿತ್ತು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಮುಂದಿನದನ್ನು ಹೇಳುವ ಮೊದಲು ಮನೆಯ ಅಳತೆ ಹೇಳಬೇಕು. ತುಮಕೂರಿನ ಶಿರಾಗೇಟಿನ ಆಚೆ, 20 ಅಡಿಗೆ 30 ಅಡಿಯ ನಿವೇಶನ. ಮುಂಬಾಗಿಲಲ್ಲಿ ನಿಂತು ಸೀನಿದರೆ ಹಿಂದಿನ ಮನೆಯವರು ಶತಾಯುಷಿಯಾಗು ಎಂದು ಹರಸುವಷ್ಟು ಉದ್ದ. ಇದರಲ್ಲಿ ನಾಲ್ಕು ಜನ, ಹೆಂಡತಿಯ ಹೊಲಿಗೆ ಯಂತ್ರ, ರಾಗಿ ಕಂಡು ಇಪ್ಪತ್ತು ವರ್ಷವಾದ ಅಮ್ಮನ ಬೀಸುವ ಕಲ್ಲು ಮತ್ತು ನನ್ನ 1,140 ಸಿಡಿಗಳು.

ಇಷ್ಟೊಂದು ಹೇಗೆ ಬಂದವು ಎಂದು ಹೆಂಡತಿ ಕೇಳುತ್ತಾಳೆ. ಎರಡೆರಡಾಗಿ ಬಂದವು. ಹದಿನೆಂಟು ವರ್ಷ ನಾನು ಬೆಂಗಳೂರಿಗೆ ರೈಲಿನಲ್ಲಿ ಓಡಾಡಿದವನು. ಹೋಗುವಾಗ 70 ಕಿಲೋಮೀಟರ್, ಬರುವಾಗಲೂ ಅಷ್ಟೇ, ಆದರೆ ಸಂಬಳದ ದಿನ ಬರುವ ದಾರಿ ಗಾಂಧಿನಗರದ ಅಂಗಡಿಗಳ ಮೇಲೆ ಹಾದು ಬರುತ್ತಿತ್ತು. ಊಟದ ಡಬ್ಬಿಯ ಅಡಿಯಲ್ಲಿ ಎರಡು ಸಿಡಿ ಬಚ್ಚಿಟ್ಟುಕೊಂಡು ಮನೆ ಸೇರುತ್ತಿದ್ದೆ. ಭೀಮಸೇನ ಜೋಶಿಯವರ ಒಂದು ಸಿಡಿಯ ಒಳಪುಸ್ತಿಕೆಯಲ್ಲಿ ಈಗಲೂ ನುಗ್ಗೆಕಾಯಿ ಹುಳಿಯ ಕಲೆ ಇದೆ.

ಫಿಲಿಪ್ಸ್ ಮತ್ತು ಸೋನಿಯವರು ಕೂತು ಸಿಡಿಯ ಅಗಲ 12 ಸೆಂಟಿಮೀಟರ್ ಎಂದು ನಿಗದಿ ಮಾಡುವಾಗ ನಮ್ಮ ನಗರಗಳ ನಿವೇಶನಗಳನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. 12 ಸೆಂಟಿಮೀಟರ್ ಎಂದರೆ ಹೆಚ್ಚು ಕಡಿಮೆ ಕ್ಯಾತಸಂದ್ರದ ಒಂದು ತಟ್ಟೆ ಇಡ್ಲಿ. ಅದೇನೂ ದೊಡ್ಡದಲ್ಲ, ತಕರಾರು ಇರುವುದು ಡಬ್ಬಿಯಲ್ಲಿ. ಸಿಡಿಯ ದಪ್ಪ 1.2 ಮಿಲಿಮೀಟರ್, ಅದರ ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯ ದಪ್ಪ 10 ಮಿಲಿಮೀಟರಿಗೂ ಕೊಂಚ ಹೆಚ್ಚು. ಒಂದು ಪಾಲು ಸಂಗೀತಕ್ಕೆ ಏಳೆಂಟು ಪಾಲು ಗಾಳಿ. ನನ್ನ ಡಬ್ಬಿಗಳನ್ನೆಲ್ಲ ಒಂದರ ಪಕ್ಕ ಒಂದು ನಿಲ್ಲಿಸಿದರೆ ಸುಮಾರು 12 ಮೀಟರ್ ಸಾಲು. ನಮ್ಮ ನಿವೇಶನದ ಉದ್ದವೇ 9 ಮೀಟರ್ ಚಿಲ್ಲರೆ. ಅಂದರೆ ಅ ಅಕ್ಷರದ ಅಶ್ವತ್ಥ್ ನಮ್ಮ ಮುಂಬಾಗಿಲಲ್ಲಿದ್ದರೆ, ಹ ಅಕ್ಷರದ ಹರಿಕಥೆ ಹಿಂದಿನ ಮನೆಯವರ ಅಡುಗೆಮನೆಯಲ್ಲಿ ನಡೆಯಬೇಕಾಗುತ್ತದೆ.

ಆದ್ದರಿಂದ ಅವು ಮನೆಯ ತುಂಬ ಬಾಡಿಗೆದಾರರಂತೆ ಚದುರಿಕೊಂಡವು. ಷೋಕೇಸಿನಲ್ಲಿ ಹಿಂದೂಸ್ತಾನಿ, ದಿವಾನದ ಅಡಿ ರಾಜ್‌ಕುಮಾರ್, ಬೀರುವಿನಲ್ಲಿ ಹೆಂಡತಿಯ ಸೀರೆಗಳ ಹಿಂದೆ ವೀಣೆ ದೊರೆಸ್ವಾಮಿ ಅಯ್ಯಂಗಾರ್. ದೇವರ ಗೂಡಿನ ಕೆಳಗಿನ ಹಲಗೆಯಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ ಮಾತ್ರ ಅಮ್ಮ ಅನುಮತಿ ಕೊಟ್ಟಳು. ಅಕ್ಷರಾನುಕ್ರಮದಲ್ಲಿ ಜೋಡಿಸುತ್ತೇನೆಂದು ಹೊರಟ ಒಂದು ಬೇಸಿಗೆ ರಜೆ ಹಾಗೇ ಹಾಳಾಯಿತು. ಸಿ. ಅಶ್ವತ್ಥ್ ಅವರನ್ನು ಅ ಎಂದು ಹಿಡಿಯಬೇಕೋ ಸಿ ಎಂದು ಹಿಡಿಯಬೇಕೋ? ಮೈಸೂರು ಅನಂತಸ್ವಾಮಿಯವರು ಮ ಆದರೆ ಊರಿಗೆ ಮರ್ಯಾದೆ, ಅ ಆದರೆ ಮನುಷ್ಯನಿಗೆ. ಒಂದೇ ತಟ್ಟೆಯಲ್ಲಿ 120 ಹಾಡು ತುಂಬಿದ ಎಂಪಿ3 ಸಿಡಿಗಳನ್ನು ಯಾವ ಅಕ್ಷರಕ್ಕೆ ಸೇರಿಸುವುದು? ಕೊನೆಗೆ ಅವುಗಳಿಗೆ 'ಇತರೆ' ಎಂದು ಚೀಟಿ ಅಂಟಿಸಿದೆ. ಈಗ ಸಂಗ್ರಹದ ಮೂರನೇ ಒಂದು ಪಾಲು ಇತರೆ.

ಮಗಳು ಲೆಕ್ಕದಲ್ಲಿ ಗಟ್ಟಿ. "ಅಪ್ಪಾ, ಒಂದು ಸಿಡಿಗೆ 700 ಎಂಬಿ ಎಂದುಕೊಂಡರೂ ನಿನ್ನ ಎಲ್ಲ ಸಿಡಿಗಳು ಒಂದು ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ಮುಗಿಯುತ್ತವೆ. ಅಂಗೈಯಗಲ ಇರುತ್ತದೆ ಅಷ್ಟೇ" ಎಂದಳು. ಲೆಕ್ಕ ಸರಿಯಾಗಿತ್ತು. ಆದ್ದರಿಂದಲೇ ಸಿಟ್ಟು ಬಂತು. ಹಾರ್ಡ್ ಡಿಸ್ಕಿಗೆ ಹುಳಿಯ ಕಲೆ ಆಗುತ್ತದೆಯೇ?

ಹೋದ ವರ್ಷ ಹೆಂಡತಿ ಗಡುವು ಕೊಟ್ಟ ಮೇಲೆ ನಾನೇ ಒಂದು ಉಪಾಯ ಹೂಡಿದೆ. ಸಿಡಿಗಳನ್ನು ಡಬ್ಬಿಯಿಂದ ಬಿಡಿಸಿ ಆಲ್ಬಮ್ಮುಗಳಿಗೆ ಸೇರಿಸುವುದು. ಒಂದಕ್ಕೆ 240 ಹಿಡಿಯುವ ಐದು ಆಲ್ಬಮ್ ಕೊಂಡೆ. ಬರಿ ಸಿಡಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಮ್ಮನ ಭುಜದ ಎತ್ತರ, ಅಷ್ಟೇ. ಮೂರು ಭಾನುವಾರ ಕೂತು ಬಿಡಿಸಿದೆ. ಡಬ್ಬಿಗಳನ್ನು ಎಸೆಯಬೇಕಲ್ಲ? ಅವುಗಳಲ್ಲಿ ಒಳಪುಸ್ತಿಕೆಗಳಿದ್ದವು, ಯಾರು ತಬಲಾ, ಯಾರು ಹಾರ್ಮೋನಿಯಂ ಎಂಬ ವಿವರಗಳಿದ್ದವು. ಹೇಗೆ ಎಸೆಯುವುದು? 1,140 ಖಾಲಿ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಅಟ್ಟಕ್ಕೆ ಹಾಕಿದೆ. ಜಾಗ ಉಳಿಸುವ ಯೋಜನೆ ಮುಗಿದಾಗ ಮನೆಯಲ್ಲಿ ಮೊದಲಿದ್ದ 12 ಮೀಟರ್ ಡಬ್ಬಿಗಳೂ ಇದ್ದವು, ಜೊತೆಗೆ ಐದು ಆಲ್ಬಮ್ಮುಗಳೂ ಇದ್ದವು. ಹೆಂಡತಿ ಏನೂ ಅನ್ನಲಿಲ್ಲ. ಅಟ್ಟದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಇಷ್ಟು ಪೂರ್ವಕಥೆ. ಈಗ ತಾರಸಿಗೆ ಬನ್ನಿ.

ಯುಗಾದಿ ಕಳೆದ ಮೇಲಿನ ಬಿಸಿಲು. ಹಳೆಯ ಸೀರೆ ಹಾಸಿ, ನಾಲ್ಕು ಮೂಲೆಗೆ ಇಟ್ಟಿಗೆ ಹೇರಿ, ಅದರ ತುಂಬ ಅಮ್ಮ ಅರಳು ಸಂಡಿಗೆ ಇಟ್ಟಿದ್ದಳು. ಮೇಲೆ ಬಟ್ಟೆ ಒಣಹಾಕುವ ತಂತಿ. ಆ ತಂತಿಗೆ, ಹೂವು ಕಟ್ಟುವ ದಾರದಲ್ಲಿ, ನನ್ನ 16 ಸಿಡಿಗಳು ನೇತಾಡುತ್ತಿದ್ದವು. ಗಾಳಿ ಬೀಸಿದಾಗಲೆಲ್ಲ ಗಿರ್ರನೆ ತಿರುಗಿ ಕಣ್ಣಿಗೆ ಬಿಸಿಲು ಎರಚುತ್ತಿದ್ದವು.

"ಕಾಗೆಗೆ" ಎಂದಳು ಅಮ್ಮ. ಗುಬ್ಬಿಯ ಹತ್ತಿರ ಚಿಕ್ಕಮ್ಮನ ತೋಟದಲ್ಲಿ ದಾಳಿಂಬೆ ಗಿಡಗಳಿಗೆ ಹೀಗೆ ಕಟ್ಟಿದ್ದನ್ನು ಕಂಡು ಬಂದಿದ್ದಳಂತೆ.

"ನನ್ನನ್ನು ಒಂದು ಮಾತು ಕೇಳಬಾರದಿತ್ತೇ?"

"ಒಳ್ಳೆಯದನ್ನು ಮುಟ್ಟಲಿಲ್ಲ ಕಣೋ. ಡಬ್ಬಿ ಇಲ್ಲದ್ದನ್ನೇ ನೋಡಿ ತೆಗೆದುಕೊಂಡೆ."

ಇದಕ್ಕೆ ನಾನು ಏನು ಹೇಳಲಿ? ಅಮ್ಮನ ಶಾಸ್ತ್ರದಲ್ಲಿ ಡಬ್ಬಿ ಇರುವುದು ಸಾಮಾನು, ಡಬ್ಬಿ ಕಳೆದುಕೊಂಡದ್ದು ಗುಜರಿ. ಡಬ್ಬಿ ಕಳೆದವನು ನಾನೇ.

ಅಲ್ಲಿಗೂ ಆಕೆ ಕಟ್ಟಿದ ಬಗೆಯನ್ನು ನೋಡಿ ತಲೆದೂಗಬೇಕಾಯಿತು. ಸಿಡಿಯ ಒಂದು ಬದಿ ಮಾತ್ರ ಹೊಳೆಯುತ್ತದೆ, ಇನ್ನೊಂದು ಬದಿ ಹೆಸರು ಮುದ್ರಿಸಿದ್ದು. ಎರಡೂ ಕಡೆ ಮಿಂಚಬೇಕೆಂದು ಅಮ್ಮ ಎರಡೆರಡು ಸಿಡಿಗಳನ್ನು ಹೆಸರಿನ ಬದಿ ಒಳಗಾಗುವಂತೆ ಜೋಡಿ ಮಾಡಿ, ನಡುವಿನ ತೂತಿಗೆ ದಾರ ಪೋಣಿಸಿದ್ದಳು. ಎಂಟು ಜೋಡಿ. ಮಲ್ಲಿಕಾರ್ಜುನ ಮನ್ಸೂರರ ಬೆನ್ನಿಗೆ ಪಿ.ಬಿ. ಶ್ರೀನಿವಾಸ್. ಅಶ್ವತ್ಥ್ ಅವರ ಬೆನ್ನಿಗೆ ಗುರುರಾಜುಲು ನಾಯ್ಡು ಅವರ ಹರಿಕಥೆ. ಇಂಥ ಜುಗಲ್‌ಬಂದಿಗಳನ್ನು ಆಕಾಶವಾಣಿಯವರೂ ಯೋಚಿಸಿರಲಾರರು.

ಅಮ್ಮನಿಗೆ ಗೊತ್ತಿಲ್ಲದ ಸಂಗತಿ ಒಂದೇ. ಎಲ್ಲರೂ ಸಿಡಿಯ ಹೊಳೆಯುವ ಬದಿಯನ್ನು ಕಾಪಾಡುತ್ತಾರೆ. ನಿಜಕ್ಕೂ ನಾಜೂಕಾದದ್ದು ಹೆಸರಿನ ಬದಿ. ಹಾಡು ಅಡಗಿರುವ ತೆಳು ಅಲ್ಯೂಮಿನಿಯಂ ಪದರ ಇರುವುದು ಆ ಬಣ್ಣದ ಕೆಳಗೇ. ಹೊಳೆಯುವ ಬದಿಗೆ ಗೀರು ಬಿದ್ದರೆ ಉಜ್ಜಿ ಸರಿಪಡಿಸಬಹುದು, ಹೆಸರಿನ ಬದಿ ಕೆರೆದುಹೋದರೆ ಹಾಡೇ ಕೆರೆದುಹೋದಂತೆ. ಆ ಬದಿಗಳೇ ಎರಡು ದಿನದಿಂದ ಗಾಳಿಯಲ್ಲಿ ಒಂದನ್ನೊಂದು ತಿಕ್ಕುತ್ತಿದ್ದವು.

ಒಂದೊಂದನ್ನೇ ಬಿಚ್ಚಿ ಕೆಳಗೆ ತಂದೆ. ಇನ್ನು ಮೇಲೆ ಇವು ಡಬ್ಬಿಯಲ್ಲೇ ಇರಲಿ ಎಂದು ಅಟ್ಟ ಹತ್ತಿ, ಧೂಳು ಕುಡಿದು, ಮನ್ಸೂರರ ಡಬ್ಬಿಯನ್ನು ಹುಡುಕಿ ತೆಗೆದರೆ ಒಳಗೆ ಗೆಜ್ಜೆವಸ್ತ್ರ! ಬಿಳಿಯ ಹತ್ತಿಯ ಗೆಜ್ಜೆವಸ್ತ್ರ, ಕುಂಕುಮದ ಚುಕ್ಕೆ ಸಮೇತ, ಸುರುಳಿ ಸುತ್ತಿ, ಅಳತೆ ತೆಗೆದು ಮಾಡಿಸಿದಂತೆ ಕೂತಿತ್ತು. ಮುಂದಿನ ಡಬ್ಬಿಯಲ್ಲೂ ಅದೇ. ಆ ಪೆಟ್ಟಿಗೆಯ ತುಂಬ ಬರುವ ಗೌರಿ ಹಬ್ಬದವರೆಗೆ ಸಾಲುವಷ್ಟು ಗೆಜ್ಜೆವಸ್ತ್ರಗಳು.

"ಧೂಳು ಬೀಳುವುದಿಲ್ಲ, ನೋಡಿದರೆ ಕಾಣುತ್ತದೆ, ಎಷ್ಟು ಒಳ್ಳೆಯ ಡಬ್ಬಿ!" ಎಂದು ಕೆಳಗಿನಿಂದ ಅಮ್ಮ ಕೂಗಿದಳು. "ಸುಮ್ಮನೆ ಖಾಲಿ ಇದ್ದವಲ್ಲ, ಎತ್ತಿಟ್ಟೆ."

ಅಂತೂ ಆ ಜೋಪಾನವಾದ ಜಾಗ ಕಡೆಗೆ ಸಿಕ್ಕಿತು. ಅಂಕಪಟ್ಟಿ ಮಾತ್ರ ಅಲ್ಲಿರಲಿಲ್ಲ.

ಮಧ್ಯಾಹ್ನ ಮೆತ್ತನೆಯ ಬಟ್ಟೆ ಹಿಡಿದು, ಸುತ್ತು ಸುತ್ತಾಗಿ ಉಜ್ಜದೆ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಒಂದೊಂದಾಗಿ ಹಾಕಿ ಪರೀಕ್ಷೆ ಮಾಡಿದೆ. ಹನ್ನೊಂದು ಪಾಸು. ಮನ್ಸೂರರು ಪಾಸು. ಅಶ್ವತ್ಥ್ ಅವರು ಒಂದು ಹಾಡಿನ ನಡುವೆ ಕೆಮ್ಮಿ ಸುಧಾರಿಸಿಕೊಂಡರು. ಕೊನೆಗೆ ಹಾಕಿದ್ದು ಹರಿಕಥೆ. ಅದು ಅಮ್ಮನಿಗಾಗಿಯೇ ತಂದದ್ದು. ಕ್ಯಾಸೆಟ್ಟಿನ ಕಾಲದಲ್ಲಿ ನಮ್ಮೂರ ಗುಡಿಯ ಮೈಕಿನಲ್ಲಿ ಕೇಳುತ್ತ ಆಕೆ ರೊಟ್ಟಿ ತಟ್ಟುತ್ತಿದ್ದಳು, ಅಪ್ಪ ಜಗಲಿಯಲ್ಲಿ ಕೂತು ಒಬ್ಬರೇ ನಗುತ್ತಿದ್ದರು.

ಗ್ರಾಮಾಫೋನಿನ ತಟ್ಟೆ ಅಂಚಿನಿಂದ ಶುರುವಾದರೆ ಸಿಡಿ ನಡುವಿನಿಂದ ಶುರುವಾಗಿ ಅಂಚಿನ ಕಡೆ ಹೋಗುತ್ತದೆ. ಗಾಳಿಗೆ ತಿಕ್ಕಿ ಕೆರೆದದ್ದು ಅಂಚು. ಹಾಗಾಗಿ ಕಥೆ ಒಂದು ಗಂಟೆ ಸರಾಗವಾಗಿ ಸಾಗಿ, ಕೊನೆಯ ಘಟ್ಟದಲ್ಲಿ ತೊದಲಿತು. ಒಂದೇ ಅಕ್ಷರವನ್ನು ಹತ್ತು ಸಲ ಹೇಳಿ, ನಿಂತಿತು.

ನಾನು ಬಟನ್ ಒತ್ತಲು ಎದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಮುಂದಿನ ಸಾಲು ಬಂತು. ಅದೇ ಎಳೆತ, ಅದೇ ಜಾಗದಲ್ಲಿ ಉಸಿರು. ನಗಿಸುವ ಮಾತಿನ ಮುಂಚೆ ದಾಸರು ಕೊಡುತ್ತಿದ್ದ ಬಿಡುವನ್ನು ಕೂಡ ಅಮ್ಮ ಕೊಟ್ಟಳು. ಆ ಬಿಡುವಿನಲ್ಲಿ ಜಗಲಿಯ ಕಡೆಯಿಂದ ಒಂದು ನಗು ಬರಬೇಕಿತ್ತು. ಮಂಗಳದವರೆಗೆ ಹೇಳಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಬಾಯಿಗೇ ಬರುತ್ತದಲ್ಲ, ಇನ್ನು ಆ ತಟ್ಟೆ ಯಾಕೆ ಎಂದುಕೊಂಡೆ" ಎಂದಳು.

ನಾನು ಮಾತಾಡಲಿಲ್ಲ. ಆದರೆ ಸಂಡಿಗೆಯ ಕೆಲಸ ಇನ್ನೂ ಎರಡು ದಿನ ಬಾಕಿ ಇತ್ತು, ತಂತಿ ಬರಿದಾಗಿತ್ತು. ಮೇಜಿನ ಕೆಳಗಿನ ಡ್ರಾಯರಿನಿಂದ ಇನ್ನೊಂದು ಕಟ್ಟು ತೆಗೆದು ಅಮ್ಮನ ಕೈಗಿಟ್ಟೆ. ಹತ್ತು ವರ್ಷದ ಹಿಂದೆ ಮಾರಿದ ಪ್ರಿಂಟರಿನ ಜೊತೆ ಬಂದ ಸಿಡಿ, ಯಾವುದೋ ಹಳೆಯ ಮೊಬೈಲಿನ ಸಿಡಿ, ಪತ್ರಿಕೆಯೊಂದರ ಜೊತೆ ಉಚಿತವಾಗಿ ಬಂದದ್ದು, ಬರೆಯಲು ಹೋಗಿ ಕೆಟ್ಟದ್ದು, ಒಟ್ಟು 31.

ಅಮ್ಮ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. "ಇವುಗಳಲ್ಲಿ ಯಾರ ಹಾಡಿದೆ?"

"ಯಾರದ್ದೂ ಇಲ್ಲಮ್ಮ. ಏನೂ ಇಲ್ಲ."

"ಏನೂ ಇಲ್ಲದ್ದನ್ನು ಇಷ್ಟು ವರ್ಷ ಯಾಕೆ ಇಟ್ಟುಕೊಂಡಿದ್ದೆ?"

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ನನ್ನ ಉತ್ತರಕ್ಕೆ ಹೆಂಡತಿಯೂ ಕಾಯುತ್ತಿದ್ದಳು. ನಾನು ಏಣಿ ಮಡಚುವ ಕೆಲಸದಲ್ಲಿ ಮುಳುಗಿದೆ.

ಸಂಜೆ ತಾರಸಿಗೆ ಹೋದಾಗ ತಂತಿಯಲ್ಲಿ ಪ್ರಿಂಟರಿನ ಸಿಡಿ ಗಿರ್ರನೆ ತಿರುಗುತ್ತಿತ್ತು. ಅದರ ಪಕ್ಕದಲ್ಲೇ ಒಂದು ಕಾಗೆ ಕೂತು, ಸಿಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತ, ಅರಳು ಸಂಡಿಗೆ ತಿನ್ನುತ್ತಿತ್ತು.