ಬಾಡಿಗೆ ಒಂದನೇ ತಾರೀಕಿಗೇ ಬರಬೇಕು ಅಂತ ಯಾರು ಹೇಳಿದ್ದು?

ಬೆಂಗಳೂರಿನ ಲಗ್ಗೆರೆಯಲ್ಲಿ ನಮ್ಮದೊಂದು ಮನೆ ಇದೆ. ಕೆಳಗೆ ನಾವು, ಮೇಲೆ ಎರಡು ಪೋರ್ಶನ್ ಬಾಡಿಗೆಗೆ. ಕಟ್ಟಿದ್ದು ಲೋನ್‌ನಲ್ಲಿ. ಪ್ರತಿ ತಿಂಗಳು 5ಕ್ಕೆ ಕಂತು ಕಟ್ ಆಗುತ್ತದೆ. ಹಾಗಾಗಿ 1ನೇ ತಾರೀಕು ಬೆಳಗಾದರೆ ಸಾಕು, ನನ್ನ ಕಿವಿಯೆಲ್ಲ ಮೆಟ್ಟಿಲ ಮೇಲೆ.

ಒಂದು ಪೋರ್ಶನ್‌ನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ, ಗಂಡ ಆಟೋ ಓಡಿಸುತ್ತಾರೆ. ಆರು ತಿಂಗಳು ಒಂದು ಸಲವೂ 1ಕ್ಕೆ ದುಡ್ಡು ಬರಲಿಲ್ಲ. ಪಕ್ಕದ ಮನೆಯವರು ಒಂದು ಐಡಿಯಾ ಕೊಟ್ಟರು, "ನೀರು ನಿಲ್ಲಿಸಿ, ತಾನಾಗೇ ಬರ್ತಾರೆ". ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಒಂದು ದಿನ ವಾಲ್ವ್ ತಿರುಗಿಸಿಬಿಟ್ಟೆ. ಅರ್ಧ ಗಂಟೆಗೆ ಆ ಹುಡುಗಿ ಬಕೆಟ್ ಹಿಡಿದು ಕೆಳಗೆ ಬಂದಳು. "ಆಂಟಿ, ಮೋಟರ್ ಕೆಟ್ಟಿದ್ಯಾ? ಮಗೂಗೆ ಸ್ನಾನ ಮಾಡಿಸ್ಬೇಕಿತ್ತು" ಅಂದಳು. ಅವಳಿಗೆ ಅನುಮಾನವೇ ಬಂದಿರಲಿಲ್ಲ.

ಅವತ್ತು ಮೊದಲ ಸಲ ಕೇಳಿದೆ, ನಿಂಗೆ ಸಂಬಳ ಯಾವತ್ತು ಆಗುತ್ತೆ ಅಂತ. 7ಕ್ಕೆ, ಕೆಲವು ತಿಂಗಳು 10ಕ್ಕೆ ಅಂದಳು. ಆಮೇಲೆ ಗೊತ್ತಾಯಿತು, 1936ರ ವೇತನ ಪಾವತಿ ಕಾಯ್ದೆಯಲ್ಲೇ ಹಾಗೆ ಇತ್ತಂತೆ. ಸಾವಿರಕ್ಕಿಂತ ಕಮ್ಮಿ ಜನ ಇರುವ ಕಾರ್ಖಾನೆ 7ನೇ ತಾರೀಕು ಮುಗಿಯುವುದರೊಳಗೆ ಸಂಬಳ ಕೊಡಬೇಕಿತ್ತು, ಅದಕ್ಕಿಂತ ದೊಡ್ಡದಾದರೆ 10ರೊಳಗೆ. ಕಾರ್ಖಾನೆಗೆ 10ರವರೆಗೆ ಟೈಮ್ ಇತ್ತು, ಅದೇ ಕಾರ್ಖಾನೆಯ ಹುಡುಗಿ ನಮಗೆ ಮಾತ್ರ 1ಕ್ಕೆ ಕೊಡಬೇಕಿತ್ತು! ಇದು ಯಾವ ಲೆಕ್ಕ? ಹೊಸ ಅಗ್ರಿಮೆಂಟ್‌ನಲ್ಲಿ ಬಾಡಿಗೆ ತಾರೀಕು 10 ಅಂತ ಬರೆಸಿದೆ. ನಮ್ಮ ಒಂದು ಕಂತಿನಷ್ಟು ದುಡ್ಡನ್ನು ಅಕೌಂಟ್‌ನಲ್ಲಿ ಮುಟ್ಟದೆ ಇಟ್ಟೆವು. ಅಷ್ಟೇ, ಜಗಳ ನಿಂತಿತು.

ಆದರೆ ಎಲ್ಲರೂ ಹೀಗಿರಲ್ಲ. ಇನ್ನೊಂದು ಪೋರ್ಶನ್‌ನಲ್ಲಿ ಇದ್ದವರ ಕಥೆ ಬೇರೆ. ಒಳ್ಳೆ ಸಂಬಳ, ಹೊಸ ಬೈಕು. ಬಾಡಿಗೆ 9 ಸಾವಿರ. ಕೇಳಿದರೆ "ಅಡ್ವಾನ್ಸ್‌ನಲ್ಲಿ ಹಿಡ್ಕೊಳಿ ಮೇಡಂ" ಅನ್ನುವುದು. 60 ಸಾವಿರ ಅಡ್ವಾನ್ಸ್ ಇದೆಯಲ್ಲ ಅಂತ ನಾನೂ ಸುಮ್ನಿದ್ದೆ. ತಪ್ಪು ಮಾಡಿದ್ದೇ ಅಲ್ಲಿ. ಮೂರು ತಿಂಗಳಿಗೆ 27 ಸಾವಿರ ಹೋಯಿತು, ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ಬಾಕಿ ಉಳಿಸಿದ ಕರೆಂಟ್ ಬಿಲ್. ಉಳಿಯುವುದು 24 ಸಾವಿರವೂ ಇಲ್ಲ. ಅಡ್ವಾನ್ಸ್ ಕರಗಿ ಹೋದ ಮೇಲೆ ಅವರು ಖಾಲಿ ಮಾಡದಿದ್ದರೆ ನಮ್ಮ ಕೈಯಲ್ಲಿ ಏನಿರುತ್ತದೆ ಹೇಳಿ?

ಲಾಯರ್ ಹತ್ತಿರ ಹೋದೆ. ಬೀಗ ಜಡಿಯುವುದು, ಸಾಮಾನು ಹೊರಗಿಡುವುದು ಬೇಡವೇ ಬೇಡ ಅಂದರು. ಹಾಗೆ ಮಾಡಿದರೆ ಬಾಡಿಗೆಯವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆ ವಾಪಸ್ ಕೇಳಬಹುದಂತೆ, ಬಾಡಿಗೆ ಬಾಕಿ ಇದ್ದರೂ! ಬೆಂಗಳೂರಲ್ಲಿ ತಿಂಗಳಿಗೆ 3,500 ದಾಟಿದ ಬಾಡಿಗೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ ಅಂತಲೂ ಹೇಳಿದರು. ಅಗ್ರಿಮೆಂಟ್ ಮುಗಿದು ತಿಂಗಳ ಲೆಕ್ಕದಲ್ಲಿ ನಡೆಯುತ್ತಿದ್ದರಿಂದ 15 ದಿನದ ನೋಟಿಸ್ ಕಳಿಸಿದರು. ಅದಕ್ಕೂ ಮುಂಚೆ ನಾನು ಮಾಡಿದ್ದ ಒಂದೇ ಒಳ್ಳೆ ಕೆಲಸ, ಪ್ರತಿ ತಿಂಗಳ ಬಾಕಿಯನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿದ್ದು. ಬಾಯಿಮಾತಲ್ಲಿ ಕೇಳಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಹನ್ನೆರಡನೇ ದಿನ ಅವರು ಖಾಲಿ ಮಾಡಿದರು. ಲೆಕ್ಕ ಬರೆದು, ಸಹಿ ಹಾಕಿಸಿಕೊಂಡು, ಉಳಿದದ್ದು ಕೊಟ್ಟೆ. ಕೋರ್ಟ್ ಮೆಟ್ಟಿಲು ಹತ್ತಿದ್ದರೆ ಎಷ್ಟು ವರ್ಷ ಆಗುತ್ತಿತ್ತೋ.

ತಡ ಮಾಡುವವರನ್ನೂ ಕೊಡದೇ ಇರುವವರನ್ನೂ ನಾವು ಓನರ್‌ಗಳು ಒಂದೇ ತಕ್ಕಡಿಗೆ ಹಾಕುತ್ತೇವೆ. ಮೊದಲನೆಯವರ ಮೇಲೆ ಕೂಗಾಡುತ್ತೇವೆ, ಅವರು ಹೆದರುತ್ತಾರಲ್ಲ! ಎರಡನೆಯವರ ಹತ್ತಿರ ಸುಮ್ನಿರುತ್ತೇವೆ, ಇಂಗ್ಲಿಷ್ ಮಾತಾಡುತ್ತಾರೆ ಅಂತ.

ಹೋದ ತಿಂಗಳು ಗಾರ್ಮೆಂಟ್ಸ್ ಹುಡುಗಿಯ ದುಡ್ಡು 13ಕ್ಕೆ ಬಂತು. 8ಕ್ಕೇ ಕೆಳಗೆ ಬಂದು, "ಆಂಟಿ, ಈ ಸಲ ಮೂರು ದಿನ ಲೇಟಾಗುತ್ತೆ" ಅಂತ ಹೇಳಿ ಹೋಗಿದ್ದಳು. ವಾಲ್ವ್ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.